ಕತ್ತೆಯ ಮೈಮೇಲೆ ನಾನು ಬರೆದ ಜೀಬ್ರಾ

ಜೀಬ್ರಾದಲ್ಲಿ ಮೂರು ಜಾತಿ ಎಂದು ಇಪ್ಪತ್ತಮೂರನೆಯ ವಯಸ್ಸಿಗೇ ನನಗೆ ಗೊತ್ತಿತ್ತು. ಗೊತ್ತಿರದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅರವತ್ತರ ದಶಕದ ಕೊನೆ. ಹೊಸಕೋಟೆ ತಾಲ್ಲೂಕಿನಲ್ಲಿ, ಅನುಗೊಂಡನಹಳ್ಳಿಯಲ್ಲಿ ಬಸ್ಸಿಳಿದು ಇನ್ನೂ ಒಳಕ್ಕೆ ನಡೆಯಬೇಕಾದ ಒಂದು ಹಳ್ಳಿಯ ಶಾಲೆಗೆ ನಾನೊಬ್ಬನೇ ಮೇಷ್ಟ್ರು. ಗುಮಾಸ್ತನೂ ನಾನೇ, ಕಸ ಗುಡಿಸುವವನೂ ನಾನೇ. ನಾಲ್ಕು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ನಾನು ರಜ ಹಾಕಿದರೆ ಶಾಲೆ ಮುಚ್ಚಬೇಕು, ಅದಕ್ಕೇ ನನಗೆ ರಜ ಸಿಗುತ್ತಿರಲಿಲ್ಲ. ನಮ್ಮದು ದೊಡ್ಡಬಳ್ಳಾಪುರದ ಕಡೆ ಹೊಲ, ತೋಟ, ಆಳುಕಾಳು ಇದ್ದ ಮನೆ. ಬೆಂಗಳೂರಿನಲ್ಲಿ ಹೈಸ್ಕೂಲು ಮೇಷ್ಟ್ರಾಗಬೇಕೆಂದು ಹೊರಟವನು ಈ ಕೋಣೆಯಲ್ಲಿ ಸಿಕ್ಕಿಕೊಂಡಿದ್ದೆ. ವರ್ಗಾವಣೆಗೆ ಬರೆದ ಅರ್ಜಿಗಳಿಗೆ ಉತ್ತರವೇ ಇಲ್ಲ. ಬೋನಿಗೆ ಬಿದ್ದ ಇಲಿಯ ಹಾಗೆ ಅತ್ತಿಂದಿತ್ತ ಓಡಾಡಿ, ಸಿಟ್ಟು ಬಂದಾಗಲೆಲ್ಲ ಮಕ್ಕಳ ಮೇಲೆ ರೇಗುತ್ತಿದ್ದೆ.

ಹೀಗಿರುವಾಗ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಓಲೆ ಬಂತು. ವರ್ಗಾವಣೆ ಅವರ ಕೈಯಲ್ಲೇ ಇತ್ತು. ಅವರನ್ನು ಮೆಚ್ಚಿಸಿದರೆ ನಾನು ಗೆದ್ದೆ.

ಮಕ್ಕಳಿಗೆ ಕಾಡುಪ್ರಾಣಿಗಳ ಪಾಠ ಸಿದ್ಧ ಮಾಡಿಸುತ್ತಿದ್ದೆ. ಗೋಡೆಯ ಚಿತ್ರಪಟದಲ್ಲಿ ಜೀಬ್ರಾ ಇದ್ದ ಜಾಗವನ್ನೇ ಗೆದ್ದಲು ತಿಂದಿತ್ತು. ಮೂರನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, ‘ಅದು ಕುದುರೆನಾ ಮೇಷ್ಟ್ರೇ, ಕತ್ತೆನಾ?’ ಅಂದಳು.

‘ಎರಡಕ್ಕೂ ನೆಂಟ,’ ಅಂದೆ.

‘ಮೈಮೇಲೆ ಯಾಕೆ ಪಟ್ಟೆ?’

ಹುಲ್ಲಿನ ನಡುವೆ ಬಚ್ಚಿಟ್ಟುಕೊಳ್ಳಲು ಎಂದೆ. ಹಿಂಡಾಗಿ ಓಡುವಾಗ ಯಾವುದು ಯಾರ ಮೈ ಎಂದು ಸಿಂಹಕ್ಕೆ ಗೊತ್ತಾಗದಿರಲಿ ಎಂದೂ ಸೇರಿಸಿದೆ. ಆಗ ಬಾಗಿಲಲ್ಲಿ ನನ್ನ ಒಗೆದ ಬಟ್ಟೆ ಹಿಡಿದು ನಿಂತಿದ್ದ ಊರ ಮಡಿವಾಳ ನಕ್ಕ. ನನ್ನ ಅಪ್ಪನ ವಯಸ್ಸಿನವನು. ಸುಗ್ಗಿಯಲ್ಲಿ ಮನೆಮನೆಯವರು ಅಳೆದುಕೊಡುವ ರಾಗಿಯೇ ಅವನ ಕೂಲಿ.

‘ಗುರುತು ಇರ್ಬೇಕು ಬಿಡಿ ಸ್ವಾಮಿ. ನಾವು ಬಟ್ಟೆಗೆ ಹಾಕಲ್ವಾ, ಯಾರ ಮನೇದು ಅಂತ ಗೊತ್ತಾಗ್ಲಿ ಅಂತ? ಹಂಗೆ.’

ಒಂದರ ಪಟ್ಟೆ ಇನ್ನೊಂದಕ್ಕಿಲ್ಲ ಎಂದು ಪುಸ್ತಕದಲ್ಲಿ ಓದಿದ್ದ ನನಗೆ ಅವನ ಮಾತು ಕೇಳಿ ಆಶ್ಚರ್ಯವಾಯಿತು. ಆದರೆ ತಲೆ ಓಡಿದ್ದು ಬೇರೆ ಕಡೆಗೆ. ಅವನ ಹತ್ತಿರ ಒಂದು ಕತ್ತೆ ಇತ್ತು, ಒಂದೇ ಒಂದು, ಬೂದಿ ಬಿಳುಪಿನದು. ಊರಿನ ಬಟ್ಟೆಯೆಲ್ಲ ಅದರ ಬೆನ್ನ ಮೇಲೆ ಕೆರೆಗೆ ಹೋಗಿ ಬರುತ್ತಿತ್ತು.

‘ನಾಡಿದ್ದು ನಿನ್ನ ಕತ್ತೆ ಬೇಕಲ್ಲಪ್ಪಾ ಶಾಲೆಗೆ,’ ಅಂದೆ.

‘ಆಗ್ಲಿ ಸ್ವಾಮಿ.’

‘ನಾಳೆ ಸಾಯಂಕಾಲವೇ ಹೊಡ್ಕೊಂಡು ಬಾ. ಬಟ್ಟೆಗೆ ಗುರುತು ಹಾಕ್ತೀಯಲ್ಲ ಕರಿಗೇರುಕಾಯಿ ರಸ, ಅದನ್ನೂ ಒಂದು ಕುಡಿಕೆ ತುಂಬಾ ತಾ.’

‘ಅದು ಬಟ್ಟೆಗೆ ಸ್ವಾಮಿ,’ ಅಂದ.

‘ಅದಕ್ಕೇ ಕಣಯ್ಯಾ! ಇದ್ದಿಲಲ್ಲಿ ಬರೆದ್ರೆ ಕೈ ತಗಲಿದ ತಕ್ಷಣ ಅಳಿಸಿಹೋಗತ್ತೆ. ಇದು ಹೋಗಲ್ಲ.’

‘ಆಗ್ಲಿ ಸ್ವಾಮಿ,’ ಅಂದ.

ರಾಗಿ ಕೊಡುವವರಿಗೆ ‘ಬೇಡ’ ಎನ್ನಲು ಬಾಯಿಲ್ಲದವನು ಅಷ್ಟು ಹೇಳಿದ್ದೇ ಹೆಚ್ಚು. ಅದು ಕೂಗು. ರಾಗಿ ಕೊಡುವ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಆ ಕೂಗು ಕೇಳುವ ಕಿವಿ ಇರಲಿಲ್ಲ. ಗೇರುಕಾಯಿ ರಸವೆಂದರೆ ನನಗೆ ಅಂಗಿಯ ಕತ್ತುಪಟ್ಟಿಯ ಒಳಗೆ ಚಿಕ್ಕಂದಿನಿಂದ ನೋಡಿದ್ದ ಕಪ್ಪು ಚುಕ್ಕಿ, ಅಷ್ಟೇ. ಅದು ಚರ್ಮ ಸುಡುತ್ತದೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯುವ ಪ್ರಸಂಗವೇ ಬಂದಿರಲಿಲ್ಲ.

ಮಾರನೆಯ ಸಂಜೆ ಈಚಲು ಕಡ್ಡಿ ಜಜ್ಜಿ ಕುಂಚ ಮಾಡಿಕೊಂಡು ಕೂತೆ. ಬಯಲಿನ ಜೀಬ್ರಾಕ್ಕೆ ಅಗಲ ಪಟ್ಟೆ, ಹೊಟ್ಟೆಯ ಕೆಳಗೂ ಸುತ್ತಿ ಬರುತ್ತದೆ. ಬೆಟ್ಟದ ಜೀಬ್ರಾಕ್ಕೆ ಗಂಟಲಲ್ಲಿ ಜೋಲುವ ಚರ್ಮ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ದೊಡ್ಡ ಕಿವಿ, ಬಿಳೀ ಹೊಟ್ಟೆ, ಒತ್ತೊತ್ತಾಗಿ ಸಣ್ಣ ಗೆರೆ. ಕಿವಿ ನೋಡಿ ಮೂರನೆಯದನ್ನೇ ಆರಿಸಿದೆ. ಕುತ್ತಿಗೆಯಿಂದ ಹಿಡಿದು ಗೊರಸಿನವರೆಗೆ ಒಂದು ಗೆರೆಯೂ ತಪ್ಪದಂತೆ ಬರೆದೆ. ಮಡಿವಾಳ ಕತ್ತೆಯ ಮುಖ ಹಿಡಿದು, ಅದರ ಕಣ್ಣು ತನ್ನ ಅಂಗೈಯಿಂದ ಮುಚ್ಚಿಕೊಂಡು ನಿಂತಿದ್ದ. ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಹೆಮ್ಮೆಯಾಯಿತು, ಥೂ!

ಸಾಹೇಬರು ಬಂದರು. ಶಾಲೆಯ ಮುಂದಿನ ಕಲ್ಲುಕಂಬಕ್ಕೆ ಕಟ್ಟಿದ್ದ ಜೀಬ್ರಾ ನೋಡಿ ಹೊಟ್ಟೆ ಹಿಡಿದು ನಕ್ಕರು. ಮಕ್ಕಳು ಮೂರೂ ಜಾತಿ ಒಪ್ಪಿಸಿದರು. ಅಷ್ಟರಲ್ಲಿ ಕತ್ತೆ ಒದ್ದಾಡತೊಡಗಿತ್ತು. ಕಂಬಕ್ಕೆ ಮೈ ಉಜ್ಜುತ್ತದೆ, ಹಗ್ಗ ಜಗ್ಗುತ್ತದೆ, ಕಾಲು ಝಾಡಿಸುತ್ತದೆ. ಮಕ್ಕಳಿಗೆ ನಗು. ರಸ ತಗುಲಿದ್ದ ನನ್ನ ಬಲಗೈಯ ಎರಡು ಬೆರಳು ಬೆಳಗಿನಿಂದ ಉರಿಯುತ್ತಿದ್ದವು, ಊದಿಕೊಂಡಿದ್ದವು. ಆಗ ನನಗೆ ಅರ್ಥವಾಯಿತು. ಬಿಚ್ಚಿ ಕಳಿಸಿ ಎನ್ನಬೇಕು, ಆದರೆ ಸಾಹೇಬರ ಭಾಷಣ ಮುಗಿಯುತ್ತಿಲ್ಲ. ನಾನು ಕೈ ಹಿಂದೆ ಬಚ್ಚಿಟ್ಟುಕೊಂಡು ನಿಂತೆ. ಆ ಕಡೆ ಮಡಿವಾಳ ಕೈ ಕಟ್ಟಿಕೊಂಡು ನಿಂತಿದ್ದ. ನಡುವೆ ಅದು, ಕಂಬಕ್ಕೆ.

‘ಭೇಷ್ ಮೇಷ್ಟ್ರೇ! ಮುಂದಿನ ಸೋಮವಾರ ಹೊಸಕೋಟೆಯಲ್ಲಿ ಶಾಲಾ ವಸ್ತುಪ್ರದರ್ಶನ ಇದೆ. ಇದನ್ನ ಅಲ್ಲಿಗೆ ಹೊಡೆಸ್ಕೊಂಡು ಬನ್ನಿ. ನಿಮ್ಮ ವರ್ಗಾವಣೆ ಕಾಗದಕ್ಕೆ ಅಲ್ಲೇ ಸಹಿ ಹಾಕ್ತೀನಿ,’ ಎಂದರು ಸಾಹೇಬರು.

ನಾನು ಮಡಿವಾಳನ ಕಡೆ ತಿರುಗಿ, ‘ಕೇಳಿಸ್ತೇನಪ್ಪಾ? ಸೋಮವಾರ,’ ಎಂದುಬಿಟ್ಟೆ. ಈ ನಾಲಿಗೆಯೇ ಅಂದದ್ದು.

‘ಆಗ್ಲಿ ಸ್ವಾಮಿ,’ ಅಂದ ಅವನು.

ಎರಡು ದಿನ ಬಿಟ್ಟು ಮಡಿವಾಳನ ಗುಡಿಸಲ ಕಡೆ ಹೋದೆ. ಬರೆದ ಗೆರೆಯೆಲ್ಲ ಬೊಬ್ಬೆಯೆದ್ದು ಒಡೆದು ನೀರು ಸೋರುತ್ತಿತ್ತು. ಅವನ ಹೆಂಡತಿ ಹುಣಸೆ ಎಲೆ ಅರೆದು, ಕೊಬ್ಬರಿ ಎಣ್ಣೆ ಕಲಸಿ ಹಚ್ಚುತ್ತಿದ್ದಳು. ನೊಣಗಳು ಮುತ್ತಿದ್ದವು, ಅದೂ ಗೆರೆಯ ಮೇಲೇ ಸಾಲಾಗಿ. ಜೀಬ್ರಾದ ಪಟ್ಟೆ ಕಂಡರೆ ಕಚ್ಚುವ ನೊಣ ಮೈಮೇಲೆ ಕೂರಲಾರದೆ ತಪ್ಪಿ ಹಾರುತ್ತದೆ, ಪಟ್ಟೆ ಇರುವುದೇ ಅದಕ್ಕಿರಬಹುದು ಎಂದು ಎಷ್ಟೋ ವರ್ಷದ ಮೇಲೆ ಎಲ್ಲೋ ಓದಿದೆ. ಓದಿ ಆ ಕಾಗದವನ್ನು ಮಡಿಸಿಟ್ಟು ಎದ್ದುಹೋದೆ.

ಕತ್ತೆಯ ಬೆನ್ನ ಮೇಲೆ ಏನೂ ಹೇರುವ ಹಾಗಿರಲಿಲ್ಲ. ಊರ ಬಟ್ಟೆಯ ಗಂಟನ್ನು ಗಂಡ ಹೆಂಡತಿ ತಲೆಯ ಮೇಲೆ ಹೊತ್ತು ಕೆರೆಗೆ ನಡೆಯುತ್ತಿದ್ದರು. ಅದೇನಾದರೂ ಸತ್ತರೆ ಅವರು ಬಾಳೆಲ್ಲ ಹೀಗೇ ಹೊರಬೇಕು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ನನ್ನ ಊದಿದ ಬೆರಳು ನೋಡಿ, ‘ಅಯ್ಯೋ ಸ್ವಾಮಿ, ನಿಮ್ಗೂ ತಗುಲ್ತಾ!’ ಎಂದು ಅದೇ ಎಣ್ಣೆ ಎರಡು ತೊಟ್ಟು ಬಿಟ್ಟಳು.

ಆ ವಾರ ನಾನು ಪಟ್ಟ ಪಾಡು ಹೇಳಬಾರದು. ಹೊಸಕೋಟೆಗೆ ಬೇಡ ಎಂದು ಒಂದು ಮಾತು ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಸೋಮವಾರದ ಹೊತ್ತಿಗೆ ವಾಸಿಯಾದರೂ ಆದೀತು ಅಂದುಕೊಂಡೆ. ನಿಧಾನಕ್ಕೆ ನಡೆಸಿದರಾಯಿತು ಅಂದುಕೊಂಡೆ. ಸುಳ್ಳು. ನನಗೆ ಆ ಕೋಣೆಯಿಂದ ಹೊರಗೆ ಹೋಗಬೇಕಿತ್ತು, ಅಷ್ಟೇ. ಕತ್ತೆಯ ಬೆನ್ನ ಮೇಲೆ ಕೂತಾದರೂ ಸರಿ, ಹೋಗಬೇಕಿತ್ತು.

ಭಾನುವಾರ ಊಟಕ್ಕೆ ಕೂತವನಿಗೆ ಬೆರಳು ಮಡಚಿ ಮುದ್ದೆ ಮುರಿಯಲು ಆಗಲಿಲ್ಲ. ಎರಡು ಬೆರಳಿಗೆ ಇಷ್ಟಾದರೆ ಮೈಯೆಲ್ಲ ಆದದ್ದಕ್ಕೆ ಹೇಗಿರಬೇಕು? ತಟ್ಟೆ ಸರಿಸಿ, ಎಡಗೈಯಲ್ಲೇ ಸಾಹೇಬರಿಗೆ ಕಾಗದ ಗೀಚಿದೆ: ಕತ್ತೆಗೆ ಗಾಯವಾಗಿದೆ, ತಪ್ಪು ನನ್ನದು, ತರಲಾಗುವುದಿಲ್ಲ. ಆ ಕಾಗದ ನನ್ನ ಕಾಲಿಗೆ ನಾನೇ ಹಾಕಿಕೊಂಡ ಸರಪಳಿ ಎಂದು ಗೊತ್ತಿತ್ತು. ಹಾಗೇ ಆಯಿತು; ಇನ್ನೂ ಐದು ವರ್ಷ ಅಲ್ಲೇ ಕೊಳೆತೆ.

ಸೋಮವಾರ ಬೆಳಕು ಹರಿಯುತ್ತಲೇ ಮಡಿವಾಳನಿಗೆ ಬೇಡವೆಂದು ಹೇಳಲು ಬಾಗಿಲು ತೆಗೆದೆ. ಗಂಡ ಹೆಂಡತಿ ಆಗಲೇ ಅಂಗಳದಲ್ಲಿ ನಿಂತಿದ್ದರು. ನಡುವೆ ಕತ್ತೆ. ಒಡೆದು ಮಾಸಿದ್ದ ಗೆರೆಗಳ ಮೇಲೆಲ್ಲ ದೀಪದ ಕಾಡಿಗೆಯನ್ನು ಹರಳೆಣ್ಣೆಯಲ್ಲಿ ಕಲಸಿ ಮತ್ತೆ ತಿದ್ದಿದ್ದರು. ಹುಣ್ಣಿನ ಮೇಲೇ, ಒಂದೂ ತಪ್ಪದಂತೆ.

‘ಬೇಡ ಕಣಪ್ಪಾ, ಹೊಸಕೋಟೆಗೆ ಬೇಡ. ಮನೆಗೆ ಹೊಡ್ಕೊಂಡು ಹೋಗು,’ ಅಂದೆ. ದನಿ ಗದರಿದ ಹಾಗೆ ಬಂತು.

ಅವರು ಕದಲಲಿಲ್ಲ. ಅವನು ಹೆಂಡತಿಯ ಮುಖ ನೋಡಿದ, ಕತ್ತೆಯ ಸುತ್ತ ಒಂದು ಸುತ್ತು ಬಂದ, ಆಮೇಲೆ ಹೆದರಿ ಹೆದರಿ ಕೇಳಿದ:

‘ಯಾಕೆ ಸ್ವಾಮಿ, ಪಟ್ಟೆ ಸರಿಯಾಗಿ ಬಂದಿಲ್ವಾ?’