ಗುಡುಗಿಗೆ ಕಿತ್ತ ಪ್ಲಗ್ಗು

ನಮ್ಮ ಮೊಮ್ಮಗಳಿಗೆ ಕೆಲಸ ಸಿಕ್ಕಿತು! ಕೊಪ್ಪದ ಇಂಟರ್‌ನೆಟ್ ಆಫೀಸಿನಲ್ಲಿ, ಮನೆಮನೆಗೆ ಹೋಗಿ ಕೆಟ್ಟ ರೂಟರ್ ಸರಿ ಮಾಡುವ ಕೆಲಸ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಮೂರೂ ತಾಲ್ಲೂಕು ಇನ್ನು ಅವಳ ಕೈಲಿ. ಈ ಸುದ್ದಿಯನ್ನು ಹಾಲಿನ ಡೈರಿಯಲ್ಲಿ ಎರಡು ಸಲ ಹೇಳಿದೆ. ಮುತ್ತಿನಕೊಪ್ಪದ ಬಸ್‌ಸ್ಟಾಪಿನಲ್ಲಿ ಗುರುತಿಲ್ಲದ ಹೆಂಗಸನ್ನು ನಿಲ್ಲಿಸಿ ಹೇಳಿದೆ. ಪಾಪ, ಅವಳಿಗೆ ಬಸ್ಸು ತಪ್ಪಿತು. ಇನ್ನೂ ಕೇಳದವರು ಎಲ್ಲಾದರೂ ಇದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದರೆ ಖುಷಿಗೆ ತಪ್ಪಿದ್ದು ಎಂದುಕೊಳ್ಳಿ.

ಆ ಕೆಲಸ ಕೇಳಿಕೊಂಡು ಅವಳು ಆಫೀಸಿಗೆ ಹೋದಾಗ ಅಲ್ಲಿನ ಯಜಮಾನರು ಅವಳನ್ನು ಮೇಲಿಂದ ಕೆಳಗೆ ನೋಡಿ, "ಕಂಬ ಹತ್ತಕ್ಕೆ ಬರುತ್ತಾ?" ಎಂದರಂತೆ.

"ನಿಮಗೆ ಬರುತ್ತಾ ಸಾರ್?" ಎಂದಳಂತೆ ಇವಳು.

ಅವರ ಹೊಟ್ಟೆ ಕಂಬ ಹತ್ತುವ ಹೊಟ್ಟೆಯಲ್ಲ. ಮಾತು ಬದಲಿಸಿದರು. "ನಿಮ್ಮನೆ ರೂಟರಿನ ಫರ್ಮ್‌ವೇರ್ ಹಳೇದು. ನಾಳೆ ಸಂಜೆ ಐದರೊಳಗೆ ಹೊಸದು ಹಾಕು. ಆಮೇಲೆ ಲ್ಯಾಪ್‌ಟಾಪಿಂದ ನಂಗೆ ವಿಡಿಯೋ ಕಾಲ್ ಮಾಡು. ಹತ್ತು ನಿಮಿಷ ಕಟ್ಟಾಗದೆ ನಿಂತ್ರೆ ಕೆಲಸ ನಿಂದು. ಇಲ್ದಿದ್ರೆ ಬೇರೆಯವರು ಕಾಯ್ತಾ ಇದಾರೆ."

ಫರ್ಮ್‌ವೇರ್ ಎಂದರೆ ಏನೆಂದು ಅವಳನ್ನೇ ಕೇಳಿದೆ. "ಡಬ್ಬಿ ಒಳಗಿನ ಬುದ್ಧಿ ಅಜ್ಜಿ. ಹಳೇದು ತೆಗೆದು ಹೊಸದು ಹಾಕಬಹುದು" ಎಂದಳು. ಹಳೇ ಬುದ್ಧಿ ತೆಗೆದು ಹೊಸದು ಹಾಕುವ ಅನುಕೂಲ ಇದೆಯೆಂದು ಮೊದಲೇ ಗೊತ್ತಿದ್ದರೆ ನನ್ನ ಗಂಡನನ್ನು ಯಾವ ಕಾಲದಲ್ಲೋ ಕೊಪ್ಪಕ್ಕೆ ಕಳಿಸುತ್ತಿದ್ದೆ.

ಮರುದಿನ ಮಧ್ಯಾಹ್ನ ಅವಳು ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದಳು. ನೀಲಿ ಗೆರೆಯೊಂದು ಹುಳುವಿನ ಹಾಗೆ ಮುಂದಕ್ಕೆ ಹೊರಟಿತು. ಅಷ್ಟರಲ್ಲಿ ಮೋಡ ಕಟ್ಟಿತು. ಅಂಗಳದಲ್ಲಿ ಮೆಣಸು ಒಣಗಲು ಹಾಕಿತ್ತು. "ಅಜ್ಜಿ, ಮೆಣಸು ಒಳಗೆ ಹಾಕಿ ಬರ್ತೀನಿ. ಐದು ನಿಮಿಷ ಯಾರನ್ನೂ ಇದನ್ನ ಮುಟ್ಟಕ್ಕೆ ಬಿಡ್ಬೇಡ" ಎಂದು ಓಡಿದಳು.

ನಾನು ಮಣೆ ಹಾಕಿಕೊಂಡು ಕಾವಲಿಗೆ ಕೂತೆ. ಬೆಕ್ಕನ್ನೂ ಹತ್ತಿರ ಬಿಡಲಿಲ್ಲ. ಗೆರೆ ಅರ್ಧಕ್ಕೆ ಬಂದಿತ್ತು. ಗುಡುಗಿತು ನೋಡಿ!

ನಮ್ಮ ಕಡೆಯವರಿಗೆ ಗೊತ್ತು. ಗುಡುಗು ಕೇಳಿದರೆ ಕೈ ಮನಸ್ಸನ್ನು ಕೇಳುವುದಿಲ್ಲ, ಸೀದಾ ಪ್ಲಗ್ಗಿಗೆ ಹೋಗುತ್ತದೆ. ಸಿಡಿಲಿಗೆ ಒಂದು ಟಿವಿ, ಎರಡು ರೂಟರ್ ಸುಟ್ಟುಕೊಂಡ ಮನೆ ನಮ್ಮದು. ಕಿತ್ತೆ. ಕಿತ್ತದ್ದಷ್ಟೇ ಅಲ್ಲ, ವೈರನ್ನು ಚೆಂದ ಸುತ್ತಿ ಮೊಳೆಗೆ ನೇತು ಹಾಕಿದೆ. ಆಮೇಲೆ ನೆನಪಾಯಿತು. ಗಡಿಬಿಡಿಯಲ್ಲಿ ಮತ್ತೆ ಸಿಕ್ಕಿಸಿದರೆ ಹಸಿರು ದೀಪದ ಜಾಗದಲ್ಲಿ ಕೆಂಪು ದೀಪ ಕಣ್ಣು ಹೊಡೆಯುತ್ತಿತ್ತು. ನಾನು ಮಣೆಯ ಮೇಲೆ ಕೂತು ಬತ್ತಿ ಹೊಸೆಯತೊಡಗಿದೆ.

ಮೊಮ್ಮಗಳು ಬಂದು ನೋಡಿ ಬಿಳಿಚಿಕೊಂಡಳು. ಮನೆಯ ಪಂಡಿತರೆಲ್ಲ ಸೇರಿದರು. "ಸಿಡಿಲಿಗೆ ಹೋಗಿದೆ, ಬಿಡು" ಎಂದರು ನನ್ನ ಗಂಡ. ಅವರಿಗೆ ಹಲ್ಲು ನೋವು ಬಂದರೂ ಸಿಡಿಲೇ ಕಾರಣ. ನನ್ನ ಮಗ, ಎಂದರೆ ಹುಡುಗಿಯ ಅಪ್ಪ, ವಿಡಿಯೋ ನೋಡಿ ನೋಡಿ ಅರ್ಧ ಊರಿಗೆ ಸಲಹೆ ಕೊಡುವವನು. ಬಂದವನೇ ಡಬ್ಬಿಯ ನೆತ್ತಿಗೆ ಎರಡು ಬಾರಿಸಿದ.

"ಅದೆಂತ ದನನಾ ಹೊಡೆಯಕ್ಕೆ?" ಎಂದಳು ಸೊಸೆ. "ನೀವು ರಿಪೇರಿ ಮಾಡಿದ ಮಿಕ್ಸಿ ಇನ್ನೂ ಅಟ್ಟದ ಮೇಲಿದೆ. ದಮ್ಮಯ್ಯ, ಇದನ್ನ ಮುಟ್ಬೇಡಿ."

ರೂಟರ್ ಕಂಪನಿಯ ಸಹಾಯದ ನಂಬರಿಗೆ ಫೋನ್ ಮಾಡಿದಾಯಿತು. ಒಂದು ಒತ್ತಿ, ಎರಡು ಒತ್ತಿ ಎಂದು ಬೆರಳು ಸವೆಸಿ, ಕೊನೆಗೆ ಒಂದು ಸಣ್ಣ ದನಿ, "ಆಫ್ ಮಾಡಿ ಆನ್ ಮಾಡಿ ಮೇಡಂ" ಎಂದಿತು. ಅದನ್ನು ನಾನು ಆಗಲೇ ಮಾಡಿ ಮುಗಿಸಿದ್ದೆನಲ್ಲ!

ಮೂರೂವರೆ ಆಯಿತು. ಹುಡುಗಿ ಮೂಲೆಯಲ್ಲಿ ಕುಸಿದು ಕೂತಳು. "ನಾನೇ ತಪ್ಪು ಫೈಲ್ ಹಾಕಿದೀನಿ ಅಜ್ಜಿ. ಸ್ವಂತ ಮನೇದೇ ಕೆಡಿಸಿದೋಳು ಊರವ್ರದು ಎಂತ ಸರಿ ಮಾಡ್ತೀನಿ? ಫೋನ್ ಮಾಡಿ ಬರಲ್ಲ ಅಂದುಬಿಡ್ತೀನಿ."

ನನ್ನ ಮಾನ ಉಳಿಸಿಕೊಳ್ಳಲು ಅವಳ ಅನ್ನ ಕಳೆಯುವುದೇ? ಬತ್ತಿ ಕೆಳಗಿಟ್ಟೆ.

"ನೀನಲ್ವೇ. ನಾನು ಕಿತ್ತೆ. ಗುಡುಗು ಬಂತು."

ಗಂಡ, ಮಗ, ಸೊಸೆ ಮೂವರೂ ನನ್ನ ಕಡೆ ತಿರುಗಿದರು. ಜೀವಮಾನದಲ್ಲಿ ಒಂದು ಸಲ ನಾನು ತಪ್ಪಿದ್ದು ಸಿಕ್ಕಿತಲ್ಲ, ಗಂಡನ ಮುಖ ದೀಪಾವಳಿಯಾಗಿತ್ತು. ಹುಡುಗಿ ಮಾತ್ರ ಎದ್ದು ನನ್ನ ಭುಜ ಹಿಡಿದಳು.

"ಕಿತ್ತಾಗ ಗೆರೆ ಪೂರ್ತಿ ಆಗಿತ್ತಾ?"

"ಅರ್ಧ."

"ಹಂಗಾದ್ರೆ ಫೈಲ್ ಸರಿನೇ ಇದೆ! ಅರ್ಧ ತುಂಬಿ ನಿಂತಿದೆ ಅಷ್ಟೆ. ಮೊದ್ಲೇ ಹೇಳಕ್ಕೆ ಎಂತ ಆಗಿತ್ತು ಮಾರಾಯ್ತಿ!"

ಅಜ್ಜಿಗೆ ಮಾರಾಯ್ತಿ ಎಂದದ್ದನ್ನು ಆಗ ಕ್ಷಮಿಸಿದೆ. ಅವಳು ರೂಟರಿಗೂ ಲ್ಯಾಪ್‌ಟಾಪಿಗೂ ವೈರ್ ಕಟ್ಟಿದಳು, ಸಣ್ಣ ತೂತಿಗೆ ಪಿನ್ನು ಚುಚ್ಚಿ ಹಿಡಿದುಕೊಂಡೇ ಸ್ವಿಚ್ ಹಾಕಿದಳು. ನೀಲಿ ಗೆರೆ ಮತ್ತೆ ಹೊರಟಿತು. ಇನ್ನೊಂದು ಗುಡುಗು ಬಂತು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಕೂತೆ. ಮಗುವನ್ನು ಹೆತ್ತಾಗಲೂ ಅಷ್ಟು ಹಲ್ಲು ಕಚ್ಚಿರಲಿಲ್ಲ. ಹಸಿರು ದೀಪ ಬಂತು.

ಪರೀಕ್ಷೆಗೆಂದು ಗೆಳತಿಗೆ ವಿಡಿಯೋ ಕಾಲ್ ಮಾಡಿದಳು. ನಿಮಿಷದೊಳಗೆ ಕಟ್ಟಾಯಿತು. ಇನ್ನೊಂದು ಸಲ, ಮತ್ತೆ ಕಟ್ಟು. ಗಂಟೆ ನಾಲ್ಕೂವರೆ. ಅವಳು ಪರದೆ ನೋಡಿ, "ಲ್ಯಾಪ್‌ಟಾಪಿಗೆ ಸಿಕ್ಕಿರೋ ಐಪಿ ನಂಬರೇ ಮನೇಲಿ ಇನ್ಯಾವುದಕ್ಕೋ ಇದೆ" ಎಂದಳು. ಆಮೇಲೆ ನಿಧಾನಕ್ಕೆ ಟಿವಿ ಕಡೆ ತಿರುಗಿದಳು. ನಮ್ಮ ಮಗ ಮಹಾಶಯ ನೆಟ್ ಬಂದ ಖುಷಿಗೆ ಆಗಲೇ ಟಿವಿ ಹಾಕಿ ಕಾಲು ಚಾಚಿದ್ದ.

"ಅಪ್ಪ, ಟಿವಿಗೆ ನೀನೇ ಕೈಯಾರೆ ನಂಬರ್ ಹಾಕಿದೀಯಾ?"

"ಹಂಗೆ ಹಾಕಿದ್ರೆ ಸ್ಪೀಡು ಅಂತ ವಿಡಿಯೋದಲ್ಲಿ..."

"ಸ್ಪೀಡ್ ಎಂತಕ್ಕೆ ನಿಮ್ಗೆ? ಕೂತಲ್ಲೇ ನಿದ್ದೆ ಹೊಡೆಯೋರಿಗೆ!" ಎಂದಳು ಸೊಸೆ.

ನನಗೆ ಅರ್ಥವಾಗಲಿಲ್ಲವೆಂದು ಹುಡುಗಿ ಬಿಡಿಸಿ ಹೇಳಿದಳು. ಮದುವೆ ಊಟದಲ್ಲಿ ಒಬ್ಬರು ನಿಂತು, ನೀವು ಈ ಎಲೆ, ನೀವು ಆ ಎಲೆ ಎಂದು ಕೂರಿಸುತ್ತಾರಲ್ಲ, ರೂಟರಿಗೂ ಅದೇ ಕೆಲಸವಂತೆ, ಎಲೆಯ ಬದಲು ನಂಬರ್ ಕೊಡುತ್ತದಂತೆ. ನಮ್ಮ ಟಿವಿ ಹೇಳದೆ ಕೇಳದೆ ಹೋಗಿ ಒಂದು ಎಲೆ ಹಿಡಿದಿತ್ತು. ಬುದ್ಧಿ ಬದಲಾದ ರೂಟರು ಹಳೆಯದೆಲ್ಲ ಮರೆತು, ಅದೇ ಎಲೆಗೆ ಲ್ಯಾಪ್‌ಟಾಪನ್ನೂ ಕಳಿಸಿತ್ತು. ಒಂದೇ ಎಲೆಗೆ ಇಬ್ಬರು ಕೈ ಹಾಕಿದರೆ ಅನ್ನ ಯಾರ ಬಾಯಿಗೂ ಹೋಗದು. ಅವಳು ಟಿವಿಯಲ್ಲಿ ಅಪ್ಪ ಬರೆದ ನಂಬರನ್ನು ಅಳಿಸಿ, ರೂಟರ್ ಕೊಟ್ಟ ಜಾಗದಲ್ಲೇ ಕೂರುವಂತೆ ಮಾಡಿದಳು.

ಐದಕ್ಕೆ ಹತ್ತು ನಿಮಿಷ ಇರುವಾಗ ಯಜಮಾನರು ಪರದೆಯ ಮೇಲೆ ಬಂದರು. ಹತ್ತು ನಿಮಿಷ ನಿಂತರು, ಅಲುಗಲಿಲ್ಲ. "ಇಷ್ಟು ಹೊತ್ತು ಎಂತಕ್ಕೆ?" ಎಂದರು.

"ಅಪ್ಡೇಟ್ ಅರ್ಧದಲ್ಲಿ ಕರೆಂಟ್ ತಪ್ಪಿತು ಸಾರ್." ನನ್ನ ಹೆಸರೆತ್ತಲಿಲ್ಲ ಅವಳು.

ನಾನೇ ಮುಖ ತೂರಿಸಿದೆ. "ತಪ್ಪಿದ್ದಲ್ಲ ಸ್ವಾಮಿ, ನಾನು ತಪ್ಪಿಸಿದ್ದು. ಗುಡುಗಿತು, ಕಿತ್ತೆ."

ಅವರ ಹೊಟ್ಟೆಯೆಲ್ಲ ಕುಲುಕಾಡಿತು. "ಕೆರೆಕಟ್ಟೆಯಿಂದ ನಿಮ್ಮೂರ ತನಕ ಇದೇ ಕಥೆ ಅಜ್ಜಿ. ಅರ್ಧದಲ್ಲಿ ಕಿತ್ತಿದ್ದನ್ನ ಎಬ್ಬಿಸೋರು ನನ್ನ ಹತ್ರ ಒಬ್ರೂ ಇಲ್ಲ, ಎಲ್ರೂ ಹೊಸ ಡಬ್ಬಿ ತಗೊಳ್ಳಿ ಅಂತಾರೆ. ಸೋಮವಾರ ಬಾರಮ್ಮ ನೀನು."

ಅಂದರೆ, ನಾನು ಕೀಳದಿದ್ದರೆ ಅವಳ ಕೈಚಳಕ ಆ ಮನುಷ್ಯನಿಗೆ ಎಲ್ಲಿ ಗೊತ್ತಾಗುತ್ತಿತ್ತು? ಇದನ್ನು ಡೈರಿಯಲ್ಲೂ ಹೇಳಿದೆ. ಯಾರೂ ಒಪ್ಪಲಿಲ್ಲ.

ಅವತ್ತು ಸಂಜೆ ಕಡುಬು, ಕೋಳಿ ಸಾರು. ಐದು ಬಾಳೆಲೆ ಹಾಕಿದೆವು. ಮಗ ಬಂದವನೇ ಫ್ಯಾನಿನ ಕೆಳಗಿನ ಎಲೆಗೆ ಕೂತ.

"ಅಪ್ಪ, ಅದು ಅಜ್ಜಂದು. ತೋರಿಸಿದಲ್ಲಿ ಕೂತ್ಕೋ" ಎಂದಳು ಹುಡುಗಿ. ಅವನು ತೆಪ್ಪಗೆ ಎದ್ದು ಪಕ್ಕದ ಎಲೆಗೆ ಹೋದ.

ಎರಡನೇ ಸಲ ಸಾರು ಬಡಿಸುವಾಗ ದೂರದಲ್ಲಿ ಗುಡುಗಿತು. ನಾಲ್ಕೂ ಜನ ಊಟ ನಿಲ್ಲಿಸಿ ನನ್ನ ಕೈ ನೋಡಿದರು. ಕೈಯಲ್ಲಿ ಕಡುಬಿತ್ತು. ಅದನ್ನು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡೆ.