ದಿನಕ್ಕೊಂದು ಚೀಟಿ

ಇಳಕಲ್ಲಿನಲ್ಲಿ ಪವರ್‌ಲೂಮ್ ಕೆಲಸಕ್ಕಿದ್ದಾಗ ನನಗೆ ಇಪ್ಪತ್ತೆರಡು ವರ್ಷ. ಕೆಮ್ಮು ಹೆಚ್ಚಾಗಿ ಬೀಡಿ ಬಿಡಬೇಕೆಂದುಕೊಂಡೆ. ನಮ್ಮ ಓಣಿಯಲ್ಲಿ ಇಂಟರ್ನೆಟ್ ಸೆಂಟರ್ ನಡೆಸುತ್ತಿದ್ದ, ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಹೆಂಗಸು, ಬೀಡಿ-ಸಿಗರೇಟು ಬಿಡಿಸುವ ಒಂದು ವೆಬ್‌ಸೈಟಿನಲ್ಲಿ ನನ್ನ ಹೆಸರು ಹಚ್ಚಿದರು. ಅದು ದಿನಕ್ಕೊಂದು ಇಂಗ್ಲಿಷ್ ಮೇಲ್ ಕಳಿಸುತ್ತಿತ್ತು. ಅದನ್ನು ಅಕ್ಕನ ಸೆಂಟರಿಗೆ ಹೋಗಿಯೇ ಓದಿಸಿಕೊಳ್ಳಬೇಕು; ನನಗೆ ರಜೆ ವಾರಕ್ಕೊಮ್ಮೆ ಮಾತ್ರ.

ಎರಡು ದಿನ ಹೇಗೋ ತಡೆದೆ. ಮೂರನೆಯ ದಿನ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಗ್ಗದಲ್ಲಿ ಎಳೆ ಕಡಿದರೆ ಗಂಟು ಹಾಕಲು ಬೆರಳು ಮಾತು ಕೇಳುತ್ತಿರಲಿಲ್ಲ. ಮಧ್ಯಾಹ್ನ ಜೊತೆಗಾರನ ಕೈಯಲ್ಲಿದ್ದ ಬೀಡಿಯನ್ನೇ ಕಸಿದು ಸೇದಿದೆ.

ರಜೆಯ ದಿನ ಸೆಂಟರಿಗೆ ಹೋದರೆ ಏಳು ಮೇಲ್ ಒಟ್ಟಿಗೆ ಬಂದು ಬಿದ್ದಿದ್ದವು. ಅಕ್ಕ ಮೂರನೆಯದನ್ನು ಓದಿ ಹೇಳಿದರು: "ಈ ದಿನ ಭಾಳ ಕಠಿಣ, ಒಬ್ಬರ ಇರಬ್ಯಾಡ್ರಿ ಅಂತ ಬರದಾರ."

"ಈಗ ಹೇಳಿದ್ರ ಏನ್ ಮಾಡ್ಲಿ ಅಕ್ಕಾರ? ನಾ ಮತ್ತ ಸೇದಾಕ ಹತ್ತೇನಿ," ಎಂದು ಸಿಡುಕಿದೆ.

"ಮತ್ತ ಒಂದನೇ ದಿನದಿಂದ ಹಿಡಿ ತಮ್ಮಾ. ಮುಂಜಾನೆ ಕೆಲಸಕ್ಕ ಹೋಗೂ ಮುಂದ ಇಲ್ಲಿ ಬಾ. ಆ ದಿನದ್ದು ಕನ್ನಡದಾಗ ಬರದು ಕೊಡ್ತೇನಿ."

ಹಾಗೆಯೇ ದಿನವೂ ಒಂದು ಚೀಟಿ ಕೊಟ್ಟರು. ಮೂರನೆಯ ದಿನ ಮತ್ತೆ ಅದೇ ತಳಮಳ. ಊಟದ ಹೊತ್ತಿಗೆ ಮನೆಗೆ ಓಡಿದೆ. ಅವ್ವ ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು.

"ಹಿಂಗ್ಯಾಕ ಚಡಪಡಸ್ತೀಯೋ? ಬಾ, ಇದನ್ನರ ತಿರುಗಿಸು," ಎಂದಳು.

ತಿರುಗಿಸುತ್ತ ಕುಳಿತೆ. ಆ ದಿನ ದಾಟಿತು. ಆಮೇಲೆ ಒಂದು ಮದುವೆಯಲ್ಲಿ ಒಂದೇ ಒಂದು ಸೇದಿದೆ, ಅದೇ ಕೊನೆ. ಅಕ್ಕನಿಗೆ ಅದನ್ನು ಇಂದಿಗೂ ಹೇಳಿಲ್ಲ.