ಡೇರೆಯಲ್ಲಿ ಅಕ್ಕ ಹೇಳಿದ ಕೊನೆ

ನಾನು ಚಿಕ್ಕವನಿದ್ದಾಗ, ನಮ್ಮೂರು ಗದ್ವಾಲದ ಸಿನಿಮಾ ಡೇರೆಗೆ ಹೊಸ ಸಿನಿಮಾದ ಪೆಟ್ಟಿಗೆ ಬಾರದಿದ್ದರೆ ಮಾತಿಲ್ಲದ ಹಳೆಯ ಅಮೆರಿಕದ ಸಿನಿಮಾ ಹಾಕಿಬಿಡುತ್ತಿದ್ದರು. ನಡುನಡುವೆ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಓದುವವರು ಯಾರು? ಅದಕ್ಕೇ ಪರದೆಯ ಪಕ್ಕ ಒಬ್ಬ ಕೋಲು ಹಿಡಿದು ನಿಂತು ಕಥೆ ಹೇಳುತ್ತಿದ್ದ. ನೀರು ಚಿಮುಕಿಸಿದ ನೆಲದ ವಾಸನೆ, ಹುರಿದ ಶೇಂಗಾ, ಬೀಡಿ ಹೊಗೆ, ಬೆನ್ನ ಹಿಂದೆ ಯಂತ್ರದ ಕಟಕಟ ಸದ್ದು.

ಆಗ ಅವ್ವ ರಾಯಚೂರಿನ ದವಾಖಾನೆಯಲ್ಲಿದ್ದಳು. ಬಸ್ಸು ಬಂದಾಗಲೆಲ್ಲ ನಾನು ಓಡಿಹೋಗಿ ಇಳಿಯುವವರ ಮುಖ ನೋಡುತ್ತಿದ್ದೆ. ಊಟಕ್ಕೆ ಕರೆದರೆ ಅವ್ವ ಬಂದ ಮೇಲೆ ಎನ್ನುತ್ತಿದ್ದೆ. ಅಪ್ಪ ಸೀರೆ ನೇಯುತ್ತಿದ್ದ. ಮಗ್ಗದ ಮೇಲಿನ ಉದ್ದ ನೂಲಿನ ಹಾಸು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಎಳೆ ಹೊಸೆದು ಕೂಡಿಸುವುದು ಅಕ್ಕನ ಕೆಲಸ. ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುತ್ತ, ನಾನು ಒಂದು ತುತ್ತಾದರೂ ಉಣ್ಣಲಿ ಎಂದು ಕಥೆ ಕಟ್ಟಿ ಹೇಳುತ್ತಿದ್ದಳು.

ಒಂದು ಸಂಜೆ ಸಿನಿಮಾ ಬೇಕೆಂದು ರಚ್ಚೆ ಹಿಡಿದೆ. ಅಕ್ಕ ಹಿಂದಿನ ದಿನವೇ ಓಣಿಯ ಹೆಂಗಸರ ಜೊತೆ ಅದನ್ನು ನೋಡಿ, ಕಣ್ಣು ಕೆಂಪು ಮಾಡಿಕೊಂಡು ಬಂದಿದ್ದಳು. ತಮ್ಮನಿಗೆ ಅದು ಬೇಡ ಎಂದು ಎಷ್ಟು ಹೇಳಿದರೂ ನಾನು ಕೇಳಲಿಲ್ಲ. ಕೊನೆಗೆ ಅಪ್ಪ ಇಬ್ಬರನ್ನೂ ಕರೆದುಕೊಂಡು ಹೋದ.

ಅವತ್ತು ಕಥೆ ಹೇಳುವವನ ಗಂಟಲು ಕಟ್ಟಿತ್ತು. ನಿನ್ನೆ ನೋಡಿದವರು ಯಾರಾದರೂ ಹೇಳುತ್ತೀರಾ ಎಂದು ಡೇರೆಯ ಯಜಮಾನ ಕೇಳಿದ. ಅಕ್ಕ ಎದ್ದಳು. ಅಷ್ಟು ಜನರ ಮುಂದೆ ಬೇಡವೆಂದು ಅಪ್ಪ ಕೈ ಹಿಡಿದ. ಬಿಡಿಸಿಕೊಂಡು ಹೋದಳು.

ಸಿನಿಮಾದಲ್ಲಿ ಕೆಮ್ಮುವ ತಾಯಿಯೊಬ್ಬಳು ರೈಲು ಹತ್ತಿ ಹೋದಳು. ಅವಳ ಮಗ ನಿಲ್ದಾಣದಲ್ಲಿ ಒಬ್ಬನೇ ಕೂತ. ಪರದೆಯ ತುಂಬ ಅಕ್ಷರ ಬಂತು. ನನಗೆ ಎದೆ ಒಡೆದು ಅಳು ಬಂತು. ಅಕ್ಕ ಮಾತ್ರ ಗಟ್ಟಿಯಾಗಿ ಹೇಳಿದಳು: "ಅವ್ವ ದವಾಖಾನಿಗೆ ಹೋಗ್ಯಾಳ್ರಿ. ಆರಾಮಾಗಿ ಬರ್ತಾಳ. ಅದಕ್ಕ ಹುಡುಗ ದಾರಿ ನೋಡ್ಕೋತ ಕುಂತಾನ."

ಹಿಂದಿನ ದಿನ ನೋಡಿದ್ದ ಹೆಂಗಸರು ಅಲ್ಲೇ ಕೂತಿದ್ದರು. ಒಬ್ಬರೂ ತುಟಿ ಬಿಚ್ಚಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡರು.

ದಾರಿಯಲ್ಲಿ ಅಪ್ಪ ಮೆಲ್ಲಗೆ ಕೇಳಿದ, "ನಿನ್ನೆ ಆ ತಾಯಿ ಸತ್ಲು ಅಂತ ಹೇಳಿದ್ದಿ ಅಲ್ಲ?"

"ನಿನ್ನೆ ತಮ್ಮ ಬಂದಿದ್ದಿಲ್ಲಪ್ಪ," ಎಂದಳು ಅಕ್ಕ.

ಆ ಮಾತು ಅವತ್ತು ನನಗೆ ತಿಳಿಯಲಿಲ್ಲ. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಅವ್ವ ಮಾತ್ರ ಬರಲೇ ಇಲ್ಲ.

ಮೊನ್ನೆ ಮೊಮ್ಮಗಳು ಆ ಸಿನಿಮಾವನ್ನು ಮೊಬೈಲಿನಲ್ಲಿ ಹುಡುಕಿಕೊಟ್ಟಳು. ಡೇರೆಯ ರೀಲಿನಲ್ಲಿ ಹರಿದುಹೋಗಿದ್ದ, ಹೆಸರುಗಳು ಬರುವ ಮೊದಲ ತುಣುಕೂ ಇದರಲ್ಲಿತ್ತು. ಕಥೆ ಬರೆದವಳು ಒಬ್ಬ ಹೆಂಗಸು. ಸಿನಿಮಾ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಆಕೆ ಕಥೆಯ ಮೇಲೆ ಕಥೆ ಬರೆದಳಂತೆ. ಎಷ್ಟೋ ಕಡೆ ಆಕೆಯ ಹೆಸರೇ ಹಾಕಲಿಲ್ಲವಂತೆ. ಸಿನಿಮಾಕ್ಕೆ ಮಾತು ಬಂದ ಮೇಲೆ ಆಕೆಗೆ ಕೆಲಸ ಕೊಡುವವರೇ ಇಲ್ಲವಾದರಂತೆ. ಮೊಮ್ಮಗಳು ಇದನ್ನೆಲ್ಲ ಓದಿ ಹೇಳಿದಾಗ ನನಗೆ ಸಂಕಟವಾಯಿತು. ನಮ್ಮಕ್ಕನ ಹೆಸರನ್ನಂತೂ ಯಾರೂ ಎಲ್ಲೂ ಬರೆಯಲಿಲ್ಲ.

ಕೊನೆಯ ಅಕ್ಷರಗಳು ಬಂದಾಗ ಮೊಮ್ಮಗಳು ಓದಲು ಬಾಯಿ ತೆರೆದಳು. ನಾನು ಬೇಡವೆಂದೆ.

ಮಕ್ಕಳೇ, ಈಗ ಯಾವ ದೇಶದ ಸಿನಿಮಾ ಆದರೂ ನಿಮ್ಮ ಅಂಗೈಯಲ್ಲೇ ನಿಮ್ಮ ಭಾಷೆಯಲ್ಲಿ ಮಾತಾಡುತ್ತದೆ. ಪರದೆಯ ಪಕ್ಕ ಯಾರೂ ನಿಲ್ಲಬೇಕಾಗಿಲ್ಲ. ನನಗಾಗಿ ಅಕ್ಕ ನಿಂತಿದ್ದಳು.